‘ಉತ್ತರ ಬಂದಿಲ್ಲ’ ಎಂದು ನಾನು ಬರೆದ ಸಾಲು

ಆ ಅರ್ಜಿ ನಮೂನೆಯನ್ನು ತಯಾರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಸಾಕಷ್ಟು ಜನರ ಮೇಲೆ ಹರಿಹಾಯುತ್ತೇನೆ, ಆಗ ಓದುವವರಿಗೆ ಈ ಮಾತು ನೆನಪಿರಲಿ.

2014ರಲ್ಲಿ ನಾನು ಸ್ಯಾನ್ ಡಿಯಾಗೋದ ಒಂದು ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಆಫ್ರಿಕಾದ ದೇಶಗಳಲ್ಲಿ ಮಾಹಿತಿ ಹಕ್ಕಿನ ಕಾನೂನುಗಳು ಪುಸ್ತಕದಲ್ಲಿ ಇರುವಷ್ಟು ಚೆನ್ನಾಗಿ ಕಚೇರಿಗಳಲ್ಲಿಯೂ ನಡೆಯುತ್ತವೆಯೇ ಎಂದು ಪರೀಕ್ಷಿಸುವುದು ನಮ್ಮ ಯೋಜನೆ. ವಿಧಾನ ಸರಳವಾಗಿತ್ತು. ಆರು ದೇಶಗಳ ಕಚೇರಿಗಳಿಗೆ ಒಂದೇ ಬಗೆಯ ಅರ್ಜಿಗಳನ್ನು ಹಾಕುವುದು. ಕಾನೂನು ಹೇಳಿದ ಗಡುವಿನೊಳಗೆ ಉತ್ತರ ಬಂದರೆ ‘ಒಂದು’, ಬಾರದಿದ್ದರೆ ‘ಸೊನ್ನೆ’. ನೈಜೀರಿಯದ ಕಾನೂನಿನಲ್ಲಿ ಗಡುವು ಏಳು ದಿನ, ದಕ್ಷಿಣ ಆಫ್ರಿಕಾದಲ್ಲಿ ಮೂವತ್ತು. ಹಾವೇರಿ ಜಿಲ್ಲೆಯಲ್ಲಿ ಕೆಲವು ವರ್ಷ ಜನರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟ ಅನುಭವ ನನಗಿತ್ತು. ಅದನ್ನು ನೋಡಿಯೇ ಪ್ರೊಫೆಸರ್ ಅರ್ಜಿ ನಮೂನೆಯನ್ನೂ ನಿಯಮಗಳನ್ನೂ ಬರೆಯುವ ಕೆಲಸ ನನಗೆ ವಹಿಸಿದ್ದರು. ನನಗೂ ಒಳಗೊಳಗೇ ಜಂಬವಿತ್ತು. ತಾಲ್ಲೂಕು ಕಚೇರಿಗಳ ಆಟವನ್ನೆಲ್ಲ ಕಂಡವಳು ನಾನು, ಆಫ್ರಿಕಾದ ಗುಮಾಸ್ತ ನನ್ನ ಕಣ್ಣಿಗೆ ಮಣ್ಣೆರಚಲು ಸಾಧ್ಯವೇ ಅಂದುಕೊಂಡಿದ್ದೆ.

ಸರಳವಾದದ್ದು ಮೊದಲ ತಿಂಗಳಿನಲ್ಲೇ ಸಿಕ್ಕುಸಿಕ್ಕಾಯಿತು. ಒಂದು ದೇಶದಲ್ಲಿ ಇಲಾಖೆಯ ವೆಬ್‌ಸೈಟಿನಲ್ಲಿ ಕೊಟ್ಟಿದ್ದ ವಿಳಾಸಕ್ಕೆ ಕಳಿಸಿದ ಇಮೇಲ್‌ಗಳೆಲ್ಲ ವಾಪಸ್ ಬಂದವು. ಇನ್ನೊಂದು ಕಡೆ ಮಾಹಿತಿ ಅಧಿಕಾರಿಯ ಹುದ್ದೆಯೇ ಖಾಲಿ; ಅರ್ಜಿ ತೆಗೆದುಕೊಳ್ಳಲು ತಮಗೆ ಅಧಿಕಾರವಿಲ್ಲ ಎಂದು ಉಳಿದವರೆಲ್ಲ ಜಾರಿಕೊಂಡರು. ಮತ್ತೊಂದು ದೇಶದ ಅಧಿಕಾರಿ ಬಹಳ ವಿನಯದಿಂದ, ತಾವು ಹೇಳುತ್ತಿರುವ ಕಾಯ್ದೆಯ ಒಂದು ಪ್ರತಿಯನ್ನು ಕಳಿಸಿಕೊಡಬೇಕು ಎಂದು ಬರೆದರು. ಅವರದೇ ದೇಶದ ಕಾಯ್ದೆಯನ್ನು ನಾನು ಸ್ಯಾನ್ ಡಿಯಾಗೋದಿಂದ ಅವರಿಗೆ ಕಳಿಸಿದೆ. ‘ಧನ್ಯವಾದಗಳು, ತುಂಬಾ ಉಪಯುಕ್ತವಾಯಿತು’ ಎಂದು ಉತ್ತರ ಬಂತು. ಅದೂ ಗಡುವಿನೊಳಗೆ ಬಂದದ್ದರಿಂದ ನಿಯಮದ ಪ್ರಕಾರ ಅದಕ್ಕೆ ‘ಒಂದು’ ಹಾಕಲೇಬೇಕಾಯಿತು.

ಹೋಲಿಕೆಗೆ ಇರಲಿ ಎಂದು ಲಾಸ್ ಏಂಜಲೀಸಿನ ಒಂದೆರಡು ಕಚೇರಿಗಳಿಗೂ ಅರ್ಜಿ ಹಾಕಿದ್ದೆವು. ಕ್ಯಾಲಿಫೋರ್ನಿಯದ ಕಾನೂನಿನಲ್ಲಿ ಮೊದಲ ಉತ್ತರಕ್ಕೆ ಹತ್ತು ದಿನ. ಸರಿಯಾಗಿ ಹತ್ತನೆಯ ದಿನ ಒಂದು ಕಚೇರಿಯಿಂದ ಅಂದವಾದ ಪತ್ರ ಬಂತು: ತಮ್ಮ ಅರ್ಜಿ ತಲುಪಿದೆ, ಪರಿಶೀಲಿಸಲು ಇನ್ನೂ ಹದಿನಾಲ್ಕು ದಿನ ಬೇಕು. ಕಾನೂನಿನಲ್ಲಿ ಅದಕ್ಕೂ ಅವಕಾಶವಿದೆ. ಅದಕ್ಕೂ ‘ಒಂದು’.

ನಮ್ಮ ಡೇಟಾಬೇಸ್ ನೋಡಿಕೊಳ್ಳುತ್ತಿದ್ದವಳು ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯಲ್ಲಿ ವಾಸವಿದ್ದ ಬೆಂಗಳೂರಿನ ಗೆಳತಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೀಮನ್ನೇ ನಡೆಸಿದವಳು, ಇಲ್ಲಿ ಗಂಡನ ವೀಸಾದ ಮೇಲೆ ಬಂದು ಸಂಬಳದ ಕೆಲಸ ಮಾಡುವಂತಿರಲಿಲ್ಲ; ವಾರಕ್ಕೆ ಮೂರು ದಿನ ಬಿಟ್ಟಿಯಾಗಿ ನಮ್ಮಲ್ಲಿಗೆ ಬರುತ್ತಿದ್ದಳು. ಆ ಪತ್ರ ನೋಡಿ ನಕ್ಕಳು.

“ಇದಕ್ಕೆ ‘ಒಂದು’ ಕೊಡೋದಾದ್ರೆ ನನ್ನ ಮಗನಿಗೂ ಕೊಡ್ಬೇಕು ರೀ. ಹೋಂವರ್ಕ್ ಮಾಡಿದ್ಯೇನೋ ಅಂದ್ರೆ ‘ಇನ್ ಎ ಮಿನಿಟ್’ ಅಂತ ತಕ್ಷಣ ಆನ್ಸರ್ ಬರತ್ತೆ.”

“ನಿಯಮ ಬರದಾಕಿ ನಾನ, ಏನ್ ಮಾಡ್ಲಿ,” ಅಂದೆ.

“ಅದಕ್ಕೇ ನಿಮ್ಗೇ ಹೇಳ್ತಿರೋದು.”

ಈ ಆರು ದೇಶಗಳಲ್ಲಿ ಒಂದರಲ್ಲಿ ಅರ್ಜಿ ಹಾಕುವ ಹಕ್ಕು ಅಲ್ಲಿನ ಪ್ರಜೆಗಳಿಗೆ ಮಾತ್ರ. ದೊಡ್ಡ ಸರೋವರವೊಂದರ ದಂಡೆಯಲ್ಲಿರುವ ದೇಶ ಅದು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗುರುತು ಸಿಕ್ಕಬಾರದೆಂದು ಒಂದೆರಡು ವಿವರಗಳನ್ನೂ ಬದಲಾಯಿಸಿದ್ದೇನೆ, ಯಾಕೆಂದರೆ ಈ ಕಥೆಯಲ್ಲಿ ಒಬ್ಬ ಗುಮಾಸ್ತರಿದ್ದಾರೆ, ಅವರ ನೌಕರಿಗೆ ಕುತ್ತು ಬರಬಾರದು. ನಾವು ದಕ್ಷಿಣ ಕ್ಯಾಲಿಫೋರ್ನಿಯದಲ್ಲಿರುವ ಆ ದೇಶದವರ ಸಂಘಗಳಿಗೆ ಪತ್ರ ಬರೆದು, ಊರಿನ ಕಚೇರಿಯಿಂದ ಬೇಕಾದ ಮಾಹಿತಿ ಇರುವವರು ಯಾರಾದರೂ ಇದ್ದರೆ ತಿಳಿಸಿ ಎಂದು ಕೇಳಿದೆವು. ಹಾಗೆ ಸಿಕ್ಕ ಹಲವರಲ್ಲಿ ಒಬ್ಬರು, ಲಾಸ್ ಏಂಜಲೀಸಿನ ಬಂದರು ಪ್ರದೇಶವಾದ ಸ್ಯಾನ್ ಪೀಡ್ರೊದ ಮಹಿಳೆ.

ನಾನು ಕಾರು ತೆಗೆದುಕೊಂಡು ಅವರನ್ನು ನೋಡಲು ಹೋದೆ. ಎರಡು ಗಂಟೆಯ ದಾರಿಗೆ ಆ ದಿನ ಮೂರೂವರೆ ಗಂಟೆ ಹಿಡಿಯಿತು. ಬಂದರಿಗೆ ಬರುವ ಸರಕಿನ ಕಸ್ಟಮ್ಸ್ ಕಾಗದಪತ್ರ ನೋಡಿಕೊಳ್ಳುವ ಒಂದು ಚಿಕ್ಕ ಕಂಪನಿಯಲ್ಲಿ ಅವರಿಗೆ ಕೆಲಸ. ಸುಮಾರು ನಲವತ್ತೈದರ ವಯಸ್ಸು, ಮಾತು ಕಡಿಮೆ. ಊಟದ ಕೋಣೆಯಲ್ಲಿ ನನ್ನ ಮುಂದೆ ಒಂದು ಫೈಲು ಇಟ್ಟರು. ಪ್ರತಿ ಹಾಳೆಗೂ ನಂಬರು, ಪ್ರತಿ ನಂಬರಿಗೂ ಮುಂದಿನ ಪುಟದಲ್ಲಿ ವಿವರ. ನನ್ನ ಕಣ್ಣು ತಂಪಾಯಿತು.

ಅವರ ತಮ್ಮ ಊರಿನ ಸರ್ಕಾರಿ ಫೆರಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಮೂರು ವರ್ಷದ ಹಿಂದೆ, ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ, ನಡು ಸರೋವರದಲ್ಲಿ ಎಂಜಿನ್ ನಿಂತು ಫೆರಿ ಮಗುಚಿತು. ಸಂತೆಗೆ ಹೊರಟಿದ್ದ ಊರಿನ ಜನ ಸತ್ತರು, ತಮ್ಮನೂ ಸತ್ತ. ಮೆಕ್ಯಾನಿಕ್ ಕುಡಿದು ಮಲಗಿದ್ದ ಎಂಬ ಸುದ್ದಿ ಹೆಣಗಳು ದಡಕ್ಕೆ ಬರುವ ಮೊದಲೇ ಊರಿಗೆ ಬಂದಿತ್ತು. ಸರ್ಕಾರ ವಿಚಾರಣೆ ನಡೆಸಿತು, ವರದಿಯೂ ಸಿದ್ಧವಾಯಿತು, ಆದರೆ ಅದನ್ನು ಯಾರೂ ನೋಡಲಿಲ್ಲ. ತಾಯಿ ಅದೇ ಊರಿನಲ್ಲಿದ್ದರು. ಚರ್ಚಿನಲ್ಲಿ ಅವರು ಕುಳಿತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಸಂತೆಯಲ್ಲಿ ಅವರ ಬುಟ್ಟಿಯ ಒಣಮೀನನ್ನು ಯಾರೂ ಮುಟ್ಟುತ್ತಿರಲಿಲ್ಲ.

“ಇಲ್ಲಿ ಕೂತು, ಯಾವ ಕಂಟೇನರ್ ಯಾವ ಸಮುದ್ರದಲ್ಲಿದೆ ಅಂತ ಕೇಳಿದ್ರೆ ಎರಡು ನಿಮಿಷದಲ್ಲಿ ಹೇಳ್ತೀನಿ,” ಅಂದರು ಅವರು. “ನನ್ನ ತಮ್ಮನ ವರದಿ ಎಲ್ಲಿದೆ ಅಂತ ಮೂರು ವರ್ಷದಿಂದ ಯಾರೂ ಹೇಳ್ತಿಲ್ಲ. ಅವನು ತಪ್ಪು ಮಾಡಿದ್ರೆ ಅದನ್ನೇ ಹೇಳಲಿ. ಅಮ್ಮನಿಗೆ ಅದಾದ್ರೂ ಗೊತ್ತಾಗಲಿ.”

ವರದಿಯನ್ನು ನಾನು ತರಿಸಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಸಂಶೋಧಕರು ಹಾಗೆ ಮಾತು ಕೊಡಬಾರದು. ಕೊಟ್ಟೆ.

ಮೊದಲ ಅರ್ಜಿ ಅವರ ಹೆಸರಿನಲ್ಲೇ ಹಾಕಿದೆವು. ಗಡುವಿಗೆ ಮುಂಚೆಯೇ ಇಮೇಲ್‌ನಲ್ಲಿ ಎರಡು ಸಾಲಿನ ಉತ್ತರ ಬಂತು: ಅರ್ಜಿದಾರರು ಅಮೆರಿಕದ ಪೌರತ್ವ ಪಡೆದಿರುವುದರಿಂದ ಅವರಿಗೆ ಈ ಹಕ್ಕಿಲ್ಲ. ಅದಕ್ಕೂ ‘ಒಂದು’ ಹಾಕುವಾಗ ಕೀಬೋರ್ಡನ್ನು ಕುಟ್ಟಿದ್ದೆ, ಗೆಳತಿ ತಿರುಗಿ ನೋಡಿದಳು. ಎರಡನೆಯ ಅರ್ಜಿಯನ್ನು ತಾಯಿಯ ಹೆಸರಿನಲ್ಲಿ ಸಿದ್ಧಪಡಿಸಿದೆ. ತಾಯಿಗೆ ಓದು ಬರಹ ಬಾರದು. ಚರ್ಚಿನಲ್ಲಿ ಪ್ರಾರ್ಥನೆ ನಡೆಸುವ ಒಬ್ಬ ಉಪದೇಶಿ ಮಾತ್ರ ಅವರೊಂದಿಗೆ ಮಾತು ಬಿಟ್ಟಿರಲಿಲ್ಲ. ಅವರೇ ನಮ್ಮ ನಮೂನೆ ತುಂಬಿ, ತಾಯಿಯ ಹೆಬ್ಬೆಟ್ಟು ಒತ್ತಿಸಿ, ಜಿಲ್ಲಾ ಕೇಂದ್ರದ ಕಚೇರಿಗೆ ಕೊಟ್ಟು, ಸ್ವೀಕೃತಿ ಮುದ್ರೆಯ ಫೋಟೊವನ್ನು ಸ್ಯಾನ್ ಪೀಡ್ರೊಗೆ ಕಳಿಸಿದರು. ಮುದ್ರೆ ಸ್ಪಷ್ಟವಾಗಿತ್ತು, ಆವಕ ಸಂಖ್ಯೆಯೂ ಇತ್ತು. ಆವಕ ಸಂಖ್ಯೆ ಇದ್ದರೆ ಅರ್ಧ ಕೆಲಸ ಆದಂತೆ ಎಂದು ನಾನು ಫೋನಿನಲ್ಲಿ ದೊಡ್ಡದಾಗಿ ಹೇಳಿದೆ.

ಗಡುವು ಮೂವತ್ತು ದಿನ. ಇಪ್ಪತ್ತೈದನೆಯ ದಿನದ ಹೊತ್ತಿಗೆ ಸ್ಯಾನ್ ಪೀಡ್ರೊದಿಂದ ಫೋನ್ ಬಂತು. ತಾಯಿ ಕಚೇರಿಗೆ ಹೋಗಿ ಕೇಳಿಬರುತ್ತೇನೆ ಅನ್ನುತ್ತಿದ್ದಾರೆ, ಉಪದೇಶಿಯೂ ಜೊತೆಗೆ ಹೋಗಲು ತಯಾರು, ಹೋಗಬಹುದೇ?

ಹೋಗಬಾರದು ಎಂದೆ. ನಮ್ಮ ಎರಡನೆಯ ನಿಯಮ ಅದು: ಅರ್ಜಿದಾರರು ಕಚೇರಿಗೆ ಹೋಗಿ ವಿಚಾರಿಸುವಂತಿಲ್ಲ. ಅದನ್ನು ಬರೆದವಳೂ ನಾನೇ, ಕಾರಣವೂ ಇತ್ತು. ಬಾಗಿಲಿಗೆ ಹೋಗಿ ನಿಲ್ಲಬಲ್ಲವರಿಗೆ, ಗುರುತಿನವರು ಇರುವವರಿಗೆ ಎಲ್ಲ ಊರಿನಲ್ಲೂ ಕಾಗದ ಸಿಗುತ್ತದೆ. ಯಾರ ಪರಿಚಯವೂ ಇಲ್ಲದ ಮನುಷ್ಯನಿಗೆ ಬರೀ ಕಾನೂನಿನ ಬಲದಿಂದ ಸಿಗುತ್ತದೆಯೇ ಎಂಬುದು ನಮ್ಮ ಪರೀಕ್ಷೆ. “ಹೋದ್ರೆ ಅರ್ಜಿ ಕೆಡತ್ತೆ, ಮನೆಯಲ್ಲೇ ಇರೋಕೆ ಹೇಳಿ,” ಅಂದೆ. “ನಿಮಗೆ ಗೊತ್ತಿರತ್ತೆ,” ಅಂದರು ಅವರು.

ಮೂವತ್ತು ದಿನ ಕಳೆಯಿತು. ಅಂಚೆ ತಡವಾಗಬಹುದೆಂದು ಇನ್ನೂ ಹತ್ತು ದಿನ ಬಿಟ್ಟೆ. ಏನೂ ಬರಲಿಲ್ಲ. ಪಟ್ಟಿಯ ಆ ಸಾಲಿನಲ್ಲಿ ‘ಸೊನ್ನೆ’ ಹಾಕಿ, ಪಕ್ಕದ ಖಾನೆಯಲ್ಲಿ ‘ಉತ್ತರ ಬಂದಿಲ್ಲ’ ಎಂದು ಬರೆದೆ. ಅದೇ ದೇಶದ ಎಷ್ಟೋ ಸಾಲುಗಳಲ್ಲಿ ಆಗಲೇ ಅದೇ ಮಾತಿತ್ತು. ಮೊದಲ ಮೇಲ್ಮನವಿ ಅದೇ ಕಚೇರಿಯ ಮುಖ್ಯಸ್ಥರಿಗೆ ಹೋಗಬೇಕು. ಅದನ್ನು ನಾನೇ ಬರೆದು, ಅದರಲ್ಲಿ ಮಾತ್ರ ನಮ್ಮ ಕೇಂದ್ರದ ಇಮೇಲ್ ವಿಳಾಸವನ್ನೂ ಸೇರಿಸಿದೆ. ಈ ದೇಶದಿಂದ ಮೇಲ್ಮನವಿಯವರೆಗೆ ಹೋದ ಅರ್ಜಿ ಇದೊಂದೇ. ವರದಿಯಲ್ಲಿ ಮೇಲ್ಮನವಿಗಳ ಮೇಲಿನ ಅಧ್ಯಾಯ ನನ್ನದು. ಹಾಗಾಗಿ ಅದರ ಮುಖ್ಯ ಆಧಾರವೂ ಇದೇ ಆಯಿತು.

ಮೇಲ್ಮನವಿಯ ಆದೇಶ ಜುಲೈಯಲ್ಲಿ ಇಮೇಲ್‌ಗೆ ಬಂತು. ‘ಕೋರಿದ ದಾಖಲೆಯ ಪ್ರತಿಯನ್ನು ಗಡುವಿನೊಳಗೆ ಸಿದ್ಧಪಡಿಸಲಾಗಿತ್ತು. ಅರ್ಜಿದಾರರು ಹಾಜರಾಗಲಿಲ್ಲ. ಮೇಲ್ಮನವಿ ವಜಾ.’

ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಈ ಆಟ ನನಗೆ ಹೊಸದೇ? ಅರ್ಜಿ ಬಂದಾಗ ಸುಮ್ಮನಿದ್ದು, ಮೇಲ್ಮನವಿ ಹಾಕಿದ ಮೇಲೆ ಹಿಂದಿನ ತಾರೀಕು ಹಾಕಿ ಒಂದು ಉತ್ತರ ಸೃಷ್ಟಿಸಿ, ‘ಆಗಲೇ ಕೊಟ್ಟಿದ್ದೇವೆ’ ಅನ್ನುವುದನ್ನು ನಾನು ನಮ್ಮ ಕಡೆ ಬೇಕಾದಷ್ಟು ಕಂಡಿದ್ದೆ. ಹಾವೇರಿಯಲ್ಲಿ ಇಂಥ ಒಬ್ಬ ಅಧಿಕಾರಿಯ ಜಾವಕ ಪುಸ್ತಕ, ಅಂದರೆ ಹೊರಹೋಗುವ ಕಾಗದಗಳ ದಾಖಲೆ, ತರಿಸಿ, ಎರಡು ನಮೂದುಗಳ ನಡುವೆ ತುರುಕಿ ಬರೆದ ಸಾಲನ್ನು ಮಾಹಿತಿ ಆಯೋಗದ ಮುಂದೆ ತೋರಿಸಿ ಗೆದ್ದಿದ್ದೆ. ಗೆಳತಿಯ ಮುಂದೆ ಕೂಗಾಡಿದೆ.

“ಸುಳ್ಳು! ಹಸೀ ಹಸೀ ಸುಳ್ಳು! ಹಾಜರಾಗಲಿಲ್ಲಂತ. ಮನಿಗೆ ಕಳಸಾಕ ಇವರಿಗೇನು ಧಾಡಿ?”

“ಸ್ವಲ್ಪ ನೀರು ಕುಡೀರಿ ಮೊದ್ಲು,” ಅಂದಳು.

ನ್ಯಾಯಾಲಯಕ್ಕೆ ಹಾಕುವ ಎರಡನೆಯ ಮೇಲ್ಮನವಿಯನ್ನು ಒಂದು ವಾರ ಕೂತು ಬರೆದೆ. ಹಿಂದಿನ ತಾರೀಕು ಹಾಕಿದ್ದಾರೆ ಎಂಬ ಆರೋಪ, ಜಾವಕ ಪುಸ್ತಕವನ್ನು ಹಾಜರುಪಡಿಸಬೇಕೆಂಬ ಕೋರಿಕೆ, ಹದಿನಾಲ್ಕು ಪುಟ. ಆ ಹದಿನಾಲ್ಕು ಪುಟ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ, ಅದೇ ನಾಚಿಕೆಯ ವಿಷಯ. ಜೊತೆಗೆ ಆ ತಾಯಿಯ ಮಗಳ ಪ್ರಮಾಣಪತ್ರವೂ ಬೇಕಿತ್ತು. ಸಹಿ ಹಾಕಿಸಿಕೊಳ್ಳಲು ಮತ್ತೆ ಸ್ಯಾನ್ ಪೀಡ್ರೊಗೆ ಹೋದೆ.

ಅವರು ಆದೇಶದ ಪ್ರಿಂಟನ್ನು ಎರಡು ಸಲ ಓದಿದರು. ನನ್ನ ಹದಿನಾಲ್ಕು ಪುಟವನ್ನು ಪಕ್ಕಕ್ಕಿಟ್ಟರು.

“‘ಹಾಜರಾಗಲಿಲ್ಲ’ ಅಂತಿದೆ. ಎಲ್ಲಿ ಹಾಜರಾಗಬೇಕಿತ್ತು?”

“ಎಲ್ಲೂ ಇಲ್ಲ. ಅವರು ಅಂಚೆಯಲ್ಲಿ ಕಳಿಸಬೇಕಿತ್ತು.”

“ಎಲ್ಲಿಗೆ?”

“ನಿಮ್ಮ ಅಮ್ಮನ ಮನೆಗೆ.”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ನಮ್ಮೂರಲ್ಲಿ ಮನೆಗೆ ಯಾರೂ ಕಾಗದ ತಂದುಕೊಡಲ್ಲ,” ಅಂದರು. “ಯಾವತ್ತೂ ತಂದುಕೊಟ್ಟಿಲ್ಲ. ಪೇಟೆಯ ಅಂಚೆ ಕಚೇರಿಯಲ್ಲಿ ಪೆಟ್ಟಿಗೆ ಇರತ್ತೆ. ಚರ್ಚಿಗೆ ಒಂದು ಪೆಟ್ಟಿಗೆ, ಶಾಲೆಗೆ ಒಂದು. ಊರಿನವರ ಕಾಗದವೆಲ್ಲ ಅದಕ್ಕೇ ಬರತ್ತೆ, ಹೋದವರು ತರ್ತಾರೆ. ಪೆಟ್ಟಿಗೆ ನಂಬರ್ ಇಲ್ಲದಿದ್ರೆ ಅರ್ಜಿ ತಗೊಂಡ ಕಚೇರಿಯವರು ಕಾಗದವನ್ನ ಕೌಂಟರಿನಲ್ಲೇ ಇಟ್ಟುಕೊಳ್ತಾರೆ, ನಾವು ಹೋಗಿ ಸಹಿ ಹಾಕಿ ತಗೋಬೇಕು.” ತಮ್ಮ ಮೇಜಿನ ಮೇಲಿದ್ದ ಒಂದು ನೋಟೀಸನ್ನು ಎತ್ತಿ ತೋರಿಸಿದರು. “ಇದೂ ಹಾಗೇ. ಸರಕು ಬಂದರಿಗೆ ಬಂದಿದೆ ಅನ್ನೋ ನೋಟೀಸು. ಮನೆಗೆ ಯಾರೂ ಕಂಟೇನರ್ ತಂದು ಇಳಿಸಲ್ಲ. ಮಾಲೀಕ ಬರದಿದ್ರೆ ಇಲ್ಲೇ ಬಿದ್ದಿರತ್ತೆ.”

“ಇದನ್ನು ಮೊದಲೇ ಯಾಕೆ ಹೇಳಲಿಲ್ಲ?” ನನ್ನ ದನಿ ಏರಿತು.

“ಅಮ್ಮ ಹೋಗ್ತೀನಿ ಅಂದಳಲ್ಲ,” ಎಂದರು ಅವರು. “ಬೇಡ ಅಂದಿದ್ದು ನೀವು. ಹೊಸ ಕಾನೂನಲ್ವಾ, ಮನೆಗೇ ಕಳಿಸ್ತಾರೇನೋ ಅಂದುಕೊಂಡೆ.”

ಸಹಿಯಾಗದ ಹದಿನಾಲ್ಕು ಪುಟ ಎತ್ತಿಕೊಂಡು ಹೊರಟೆ. ಸ್ಯಾನ್ ಡಿಯಾಗೋಗೆ ಬಂದವಳೇ ಮೂಲ ಕಡತ ತೆರೆದೆ. ಆ ದೇಶದ ಸರ್ಕಾರಿ ನಮೂನೆಯಲ್ಲಿ ಹೆಸರಿನ ಕೆಳಗೇ ‘ಅಂಚೆಪೆಟ್ಟಿಗೆ ಸಂಖ್ಯೆ’ ಎಂದು ಒಂದು ಸಾಲಿತ್ತು. ಆರು ದೇಶಗಳ ನಮೂನೆಗಳನ್ನು ಸೇರಿಸಿ ಒಂದು ಮಾಡುವಾಗ ಅದನ್ನು ನಾನು ತೆಗೆದುಹಾಕಿದ್ದೆ. ಅದರ ಜಾಗದಲ್ಲಿ ಮನೆ ಸಂಖ್ಯೆ, ಬೀದಿ, ಗ್ರಾಮ, ಪಿನ್ ಕೋಡ್ ಎಂದು ಖಾನೆ ಮಾಡಿದ್ದೆ. ಮಾಹಿತಿ ಹಕ್ಕಿನ ಉತ್ತರ ಎಂದರೆ ಅಂಚೆಯಣ್ಣ ಬಾಗಿಲಿಗೆ ತಂದು ಸಹಿ ಹಾಕಿಸಿಕೊಂಡು ಕೊಡುವ ರಿಜಿಸ್ಟರ್ಡ್ ಲಕೋಟೆ. ಹಾಗಲ್ಲದೆ ಬೇರೆ ರೀತಿಯೂ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ತಾಯಿಯ ಅರ್ಜಿಯಲ್ಲಿ ಉಪದೇಶಿ ಬೀದಿಯ ಖಾನೆಯಲ್ಲಿ ‘ಚರ್ಚಿನ ಹಿಂದೆ’ ಎಂದು ಬರೆದಿದ್ದರು. ಪಿನ್ ಕೋಡ್ ಎಂದರೆ ಏನೆಂದು ತಿಳಿಯದೆ ಐದು ಸೊನ್ನೆ ತುಂಬಿದ್ದರು. ಆ ಸೊನ್ನೆಗಳನ್ನು ನಾನು ಮಾರ್ಚಿನಲ್ಲೇ ನೋಡಿದ್ದೆ. ನೋಡಿ, ಅಜಾಗರೂಕತೆ ಎಂದು ಮೂಗು ಮುರಿದಿದ್ದೆ.

ಮರುದಿನ ಗೆಳತಿಗೆ ಎಲ್ಲ ಹೇಳಿದೆ. ಅವಳು ಸ್ಕ್ಯಾನ್ ಮಾಡಿದ ಅರ್ಜಿಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡುತ್ತಾ ಮಧ್ಯಾಹ್ನದವರೆಗೆ ಕೂತಳು. ಆಮೇಲೆ ಕರೆದಳು.

“ಇಲ್ಲಿ ಬನ್ನಿ ರೀ. ಕೆಲವು ಜನ ಫಾರ್ಮಿನ ಮಾರ್ಜಿನ್‌ನಲ್ಲಿ ಅವ್ರೇ ಪೆಟ್ಟಿಗೆ ನಂಬರ್ ಗೀಚಿದಾರೆ. ಅದನ್ನ ಒಂದು ಕಾಲಮ್ ಮಾಡಿ ಸಾರ್ಟ್ ಮಾಡಿದೀನಿ. ನೋಡಿ.”

ಆ ದೇಶದಿಂದ ಅಂಚೆಯಲ್ಲಿ ಉತ್ತರ ಬಂದಿದ್ದ ಸಾಲುಗಳೆಲ್ಲ ಮೇಲಕ್ಕೆ ಬಂದಿದ್ದವು. ಅಂಚಿನಲ್ಲಿ ನಂಬರ್ ಗೀಚಿದವರು ಅವರು. ನನ್ನ ನಮೂನೆಯನ್ನು ಅಚ್ಚುಕಟ್ಟಾಗಿ, ನಾನು ಹೇಳಿದಂತೆಯೇ ತುಂಬಿದವರೆಲ್ಲ ಕೆಳಗೆ ‘ಸೊನ್ನೆ’ಯಾಗಿ ಕುಳಿತಿದ್ದರು.

“ಹಂಗಂದ್ರ ಈ ಸೊನ್ನಿ ಎಲ್ಲಾ...” ಅಂದೆ.

“ಎಲ್ಲಾ ಅಂತ ಹೇಳಕ್ಕಾಗಲ್ಲ. ಕೆಲವ್ರು ನಿಜವಾಗ್ಲೂ ಕೊಟ್ಟಿರಲ್ಲ. ಆದ್ರೆ ಯಾವ್ದು ಯಾವ್ದು ಅಂತ ಈ ಡೇಟಾದಲ್ಲಿ ಗೊತ್ತಾಗಲ್ಲ. ಹೋಗಿ ನೋಡ್ಬೇಕು.”

ಪ್ರೊಫೆಸರ್ ಕೆಟ್ಟವರಲ್ಲ. ತಾಳ್ಮೆಯಿಂದ ಎಲ್ಲ ಕೇಳಿದರು. ಆದರೆ ವರದಿ ಅಕ್ಟೋಬರಿಗೆ ಅಚ್ಚಿಗೆ ಹೋಗಬೇಕಿತ್ತು. ಆರು ದೇಶಗಳಿಗೂ ಒಂದೇ ಅಳತೆ ಎಂಬುದೇ ಯೋಜನೆಯ ಬೆನ್ನೆಲುಬು ಎಂದರು. ಒಬ್ಬರಿಗೆ ಕಚೇರಿಗೆ ಹೋಗಿ ಬನ್ನಿ ಎಂದರೆ ಎಲ್ಲರಿಗೂ ಹೇಳಬೇಕು, ಹಾಗೆ ಹೇಳಿದರೆ ನಾವು ಇಷ್ಟು ದಿನ ಅಳೆದದ್ದು ಏನು?

“ಅಳೆದದ್ದು ನನ್ನ ನಮೂನೆಯ ತಪ್ಪನ್ನು,” ಎಂದೆ.

“ಹಾಗೆ ಪೂರ್ತಿಯಾಗಿ ಹೇಳಲು ನಿಮ್ಮ ಹತ್ತಿರವೂ ಆಧಾರವಿಲ್ಲ. ನ್ಯಾಯಾಲಯದ ಮೇಲ್ಮನವಿ ಹಾಕಿ. ಅಲ್ಲಿ ಏನಾಗುತ್ತದೋ ಅದೂ ಒಂದು ಫಲಿತಾಂಶವೇ. ನಿಮ್ಮ ಅಧ್ಯಾಯವೂ ಉಳಿಯುತ್ತದೆ.”

ಅವರ ಮಾತಿನಲ್ಲಿ ತರ್ಕವಿತ್ತು. ಮೇಲ್ಮನವಿ ಹಾಕಿದರೆ ಕನಿಷ್ಠ ಒಂದು ವರ್ಷ. ಪ್ರಕರಣ ನ್ಯಾಯಾಲಯದಲ್ಲಿದೆ ಎಂಬ ಕಾರಣಕ್ಕೆ ಕಚೇರಿಯವರು ಅಲ್ಲಿಯವರೆಗೆ ಕಡತ ಮುಟ್ಟುವುದಿಲ್ಲ. ಸಂಶೋಧನೆಗೆ ಅದು ಒಳ್ಳೆಯ ಸಾಲು. ಆ ಒಂದು ವರ್ಷ ಆ ತಾಯಿ ಖಾಲಿ ಬೆಂಚಿನಲ್ಲೇ ಕೂರಬೇಕು. ಅಂಥ ಒಳ್ಳೆಯ ಸಾಲಿನ ಮೇಲೆ ನನಗೆ ಆಗ ಹೇಸಿಗೆ ಹುಟ್ಟಿತು. ಆ ಅರ್ಜಿಯನ್ನು ಯೋಜನೆಯಿಂದ ಹಿಂತೆಗೆದುಕೊಳ್ಳುತ್ತಿದ್ದೇನೆ, ನನ್ನ ಅಧ್ಯಾಯವನ್ನೂ ಕೈಬಿಡಿ ಎಂದು ಅಲ್ಲೇ ಹೇಳಿ ಎದ್ದು ಬಂದೆ. ಕಾರಿನಲ್ಲಿ ಕೂತು ಸ್ಯಾನ್ ಪೀಡ್ರೊಗೆ ಫೋನ್ ಮಾಡಿದೆ. “ಅಮ್ಮನಿಗೆ ಹೋಗೋಕೆ ಹೇಳಿ. ಇವತ್ತೇ ಹೇಳಿ,” ಅಂದೆ. ಕ್ಷಮೆಯನ್ನೂ ಕೇಳಿದೆ. ಅವರು ಕಚೇರಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದರು.

ಇಷ್ಟಾದ ಮೇಲೆ ಕಾಗದ ಕೈಗೆ ಸಿಕ್ಕಿಬಿಡುತ್ತದೆ ಎಂದುಕೊಂಡಿದ್ದೆ. ಊರಿನಿಂದ ಜಿಲ್ಲಾ ಕೇಂದ್ರಕ್ಕೆ ಮಿನಿಬಸ್ಸಿನಲ್ಲಿ ಅರ್ಧ ದಿನದ ದಾರಿ. ತಾಯಿ ಮತ್ತು ಉಪದೇಶಿ ಮೊದಲ ಸಲ ಹೋದಾಗ ಮಾಹಿತಿ ಅಧಿಕಾರಿ ತರಬೇತಿಗೆ ಹೋಗಿದ್ದರು. ಯಾವುದರ ತರಬೇತಿ ಎಂದರೆ ಮಾಹಿತಿ ಹಕ್ಕಿನ ತರಬೇತಿ. ಎರಡನೆಯ ಸಲ ಅಧಿಕಾರಿ ಇದ್ದರು, ಆದರೆ ಯಾರೂ ಬಂದು ತೆಗೆದುಕೊಳ್ಳದ ಲಕೋಟೆಗಳನ್ನೆಲ್ಲ ಮೂರು ತಿಂಗಳಾದ ಮೇಲೆ ಹಳೆಯ ಕಟ್ಟಡದ ದಾಖಲೆ ಕೋಣೆಗೆ ಸಾಗಿಸಿದ್ದರು. ಅದರ ಕೀಲಿ ಇದ್ದವರು ರಜೆಯ ಮೇಲಿದ್ದರು. ಹೊಸ ಅರ್ಜಿ ಹಾಕಿ, ಮತ್ತೆ ಮೂವತ್ತು ದಿನದಲ್ಲಿ ಕೊಡುತ್ತೇವೆ ಎಂದು ಅಧಿಕಾರಿ ಸಲಹೆ ಕೊಟ್ಟರಂತೆ. ಫೋನಿನಲ್ಲಿ ಇದನ್ನು ಕೇಳಿ ನಾನು ಹಲ್ಲು ಕಡಿದೆ. ಕಚೇರಿಯ ವಿಳಾಸಕ್ಕೆ ಖಾರವಾದ ಇಮೇಲ್ ಒಂದನ್ನು ಅರ್ಧ ಬರೆದೆ. ಗೆಳತಿ ಬಂದು ಲ್ಯಾಪ್‌ಟಾಪ್ ಮುಚ್ಚಿದಳು.

“ನೀವು ಬರೆದಿದ್ದು ಸಾಕು ರೀ. ಆ ಅಜ್ಜಿ ನೋಡ್ಕೋತಾರೆ ಬಿಡಿ.”

ಮೂರನೆಯ ಸಲ ತಾಯಿ ಅಧಿಕಾರಿಯ ಕೋಣೆಗೆ ಹೋಗಲೇ ಇಲ್ಲ. ಉಪದೇಶಿಯ ಜೊತೆ ಹಿಂದಿನ ದಿನವೇ ಬಂದಿದ್ದು, ಬೆಳಿಗ್ಗೆ ಕಚೇರಿ ತೆರೆಯುವಾಗಲೇ ಹೋಗಿ ಆವಕ ವಿಭಾಗದ ಕೌಂಟರಿನ ಮುಂದಿನ ಬೆಂಚಿನಲ್ಲಿ ಕೂತರು. ಅಲ್ಲಿನ ಗುಮಾಸ್ತ ವಯಸ್ಸಾದವರು. ಊಟದ ಹೊತ್ತಿಗೆ ತಾಯಿ ತಮ್ಮ ಬುತ್ತಿ ಬಿಚ್ಚಿದಾಗ ಗುಮಾಸ್ತರು ಯಾವ ಊರು ಎಂದು ಕೇಳಿದರು. ಊರಿನ ಹೆಸರು ಕೇಳಿ ಪೆನ್ನು ಕೆಳಗಿಟ್ಟರು. ಆ ಫೆರಿಯಲ್ಲಿ ಅವರ ಕಡೆಯವರೂ ಒಬ್ಬರು ಇದ್ದರಂತೆ. ಆಮೇಲೆ ಎದ್ದು, ಯಾರನ್ನೂ ಕೇಳದೆ ಹಳೆಯ ಕಟ್ಟಡಕ್ಕೆ ನಡೆದುಹೋದರು. ಕೀಲಿಯ ಇನ್ನೊಂದು ಜೊತೆ ಅವರ ಬಳಿಯೇ ಇತ್ತು. ಒಂದು ಗಂಟೆಯ ನಂತರ ಲಕೋಟೆ ತಂದರು.

ಲಕೋಟೆಯ ಮೇಲೆ ಸಿದ್ಧಪಡಿಸಿದ ದಿನದ ಮುದ್ರೆಯಿತ್ತು. ಅರ್ಜಿ ಕೊಟ್ಟ ಹತ್ತೊಂಬತ್ತನೆಯ ದಿನ. ಉಪದೇಶಿ ಜಾವಕ ಪುಸ್ತಕದ ಆ ಪುಟದ ಫೋಟೊವನ್ನೂ ತೆಗೆದು ಕಳಿಸಿದ್ದರು. ನಾನು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಎರಡು ನಮೂದುಗಳ ನಡುವೆ ತುರುಕಿದ್ದು ಏನೂ ಇರಲಿಲ್ಲ. ಅದರ ಹಿಂದಿನ ಸಾಲು, ಮುಂದಿನ ಸಾಲು, ಶಾಯಿ, ಅಕ್ಷರ ಎಲ್ಲ ನೆಟ್ಟಗಿದ್ದವು. ನಾನು ಹದಿನಾಲ್ಕು ಪುಟ ಬೈದಿದ್ದ ಕಚೇರಿ ತನ್ನ ಕಾನೂನನ್ನು ಗಡುವಿಗೆ ಹನ್ನೊಂದು ದಿನ ಮೊದಲೇ ಪಾಲಿಸಿತ್ತು.

ನಮ್ಮ ವರದಿ ಅಕ್ಟೋಬರಿನಲ್ಲಿ ಹೊರಬಂತು. ಆ ದೇಶದ ಎದುರು ನಾವು ಮೊದಲು ಹಾಕಿದ್ದ ಅಂಕಿಯೇ ಉಳಿದಿದೆ. ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ‘ಕೆಲವು ಉತ್ತರಗಳು ಅಂಚೆಯ ಕಾರಣಗಳಿಂದ ತಲುಪದೇ ಇರುವ ಸಾಧ್ಯತೆ ಇದೆ’ ಎಂದು ಒಂದು ಸಾಲಿದೆ. ಆ ಸಾಲಿಗಾಗಿ ನಾನು ಮೂರು ಸಭೆಗಳಲ್ಲಿ ಜಗಳವಾಡಿದ್ದೆ. ಇನ್ನೂ ಯಾರ ಯಾರ ಲಕೋಟೆಗಳು ಯಾವ ಹಳೆಯ ಕಟ್ಟಡದಲ್ಲಿ ಬಿದ್ದಿವೆಯೋ, ಆ ಅರ್ಜಿದಾರರಿಗೆಲ್ಲ ನಾನೂ ಗೆಳತಿಯೂ ಒಂದೊಂದು ಪತ್ರ ಬರೆದೆವು, ಕಚೇರಿಗೆ ಹೋಗಿ ಕೇಳಿ ಎಂದು. ಅವರಲ್ಲಿ ಎಷ್ಟೋ ಜನರಿಗೆ ಪೆಟ್ಟಿಗೆ ನಂಬರ್ ಇರಲಿಲ್ಲ, ಆ ಪತ್ರಗಳು ಮುಟ್ಟಿದವೋ ಇಲ್ಲವೋ ಗೊತ್ತಿಲ್ಲ.

ವಿಚಾರಣಾ ವರದಿಯನ್ನು ಸ್ಯಾನ್ ಪೀಡ್ರೊದಲ್ಲಿ, ಅದೇ ಊಟದ ಕೋಣೆಯಲ್ಲಿ, ಅವರ ಫೋನಿನ ಪರದೆಯ ಮೇಲೆ ಇಬ್ಬರೂ ಓದಿದೆವು. ಕುಡಿತದ ಮಾತು ಅದರಲ್ಲಿ ಒಂದು ಕಡೆ ಬರುತ್ತದೆ, ಅದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ ಎಂದು ಹೇಳಲು. ಮೆಕ್ಯಾನಿಕ್‌ನ ದೇಹ ಎಂಜಿನ್ ಕೋಣೆಯಲ್ಲೇ ಸಿಕ್ಕಿತ್ತು, ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಇತ್ತು. ಕೊನೆಯಲ್ಲಿ ಅನುಬಂಧವಾಗಿ ಎರಡು ಪತ್ರಗಳ ಪ್ರತಿಗಳು. ಅಪಘಾತಕ್ಕೆ ಮುಂಚೆ, ಒಂದು ತಿಂಗಳ ಅಂತರದಲ್ಲಿ, ತಮ್ಮ ತನ್ನ ಕೈಯಿಂದಲೇ ಮೇಲಿನವರಿಗೆ ಬರೆದವು. ಇಂಧನದ ಪೈಪು ಸೋರುತ್ತಿದೆ, ಎಂಜಿನ್ ಮೇಲಿಂದ ಮೇಲೆ ನಿಲ್ಲುತ್ತಿದೆ, ಸರಿಮಾಡುವವರೆಗೆ ಫೆರಿ ಬಿಡಬೇಡಿ. ಎರಡರ ಮೇಲೂ ಸ್ವೀಕೃತಿ ಮುದ್ರೆ, ಎರಡಕ್ಕೂ ಆವಕ ಸಂಖ್ಯೆ. ಅಕ್ಕ ಪರದೆಯ ಮೇಲೆ ಆ ಅಕ್ಷರಗಳನ್ನು ಬೆರಳಿನಿಂದ ಸವರಿದರು. ಆಮೇಲೆ ಎದ್ದು ಹೋಗಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡರು. ನಾನು ಅಲ್ಲೇ ಕೂತು ಅತ್ತೆ.

ಒಂದು ವಾರದ ನಂತರ ಫೋನ್ ಮಾಡಿದರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಉಪದೇಶಿ ಆ ಎರಡು ಪತ್ರಗಳನ್ನು ಚರ್ಚಿನಲ್ಲಿ ಗಟ್ಟಿಯಾಗಿ ಓದಿದರಂತೆ. ಫೆರಿಯಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡಿದ್ದ ಹೆಂಗಸೊಬ್ಬಳು ಎದ್ದು ಬಂದು ತಾಯಿಯ ಬೆಂಚಿನಲ್ಲಿ ಕೂತಳು.

“ಇನ್ನೊಂದು ವಿಷಯ ನಿಮಗೆ ಹೇಳಿರಲಿಲ್ಲ,” ಅಂದರು. “ಅವತ್ತು ಕೌಂಟರಿನಲ್ಲಿ ಆ ಗುಮಾಸ್ತರೇ ಅಮ್ಮನಿಗೆ ಪತ್ರಗಳನ್ನ ಓದಿ ಹೇಳಿದ್ದು. ಕೇಳಿದ ಮೇಲೆ ಅಮ್ಮ, ನನ್ನ ಮಗನಿಗೆ ನೀವು ಏನು ಉತ್ತರ ಕೊಟ್ಟಿರಿ ಅಂತ ಕೇಳಿದಳಂತೆ. ಅವರು ಪುಟ ಹಿಂದೆ ಮುಂದೆ ತಿರುವಿ ನೋಡಿ, ಉತ್ತರ ಕೊಟ್ಟಿಲ್ಲ ಅಂದರಂತೆ. ಹಾಗಾದ್ರೆ ಒಂದು ಖಾಲಿ ಹಾಳೆ ಕೊಡಿ ಅಂದಿದ್ದಾಳೆ. ಮಗನ ಎರಡು ಪತ್ರಕ್ಕೆ ಏನು ಕ್ರಮ ತಗೊಂಡ್ರಿ, ಯಾರು ತಗೋಬೇಕಿತ್ತು ಅಂತ ಬರೆಸಿ ಹೆಬ್ಬೆಟ್ಟು ಒತ್ತಿ ಬಂದಿದ್ದಾಳೆ.”

ಇದು ಎಂಥ ಅರ್ಜಿ ಎಂದು ನನಗೆ ಗೊತ್ತಿತ್ತು. ಕಚೇರಿಗಳು ಇದಕ್ಕಿಂತ ಹೆಚ್ಚು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಮೇಲ್ಮನವಿಗೆ ತಯಾರಿ ಮಾಡಲೇ, ಕರಡು ಬರೆದುಕೊಡಲೇ, ನನ್ನಿಂದ ಏನಾಗಬೇಕು ಎಂದು ಒಂದೇ ಉಸಿರಿಗೆ ಕೇಳಿದೆ.

“ಏನೂ ಬೇಡ,” ಅಂದರು ಅವರು, ಮೆತ್ತಗೆ. “ಮೂವತ್ತನೇ ದಿನ ಅವಳೇ ಹೋಗ್ತಾಳಂತೆ. ಈ ಸಲ ಯಾರೂ ನನ್ನ ತಡೀಬಾರದು ಅಂತ ನಿಮಗೆ ಹೇಳೋಕೆ ಹೇಳಿದಳು.”